ಹನ್ನೊಂದು ನಿಮಿಷ ಯಾರ ಹೆಸರಿಗೆ

ಕೊರಿಯೊಪೊಲಿಸ್, ಪಿಟ್ಸ್‌ಬರ್ಗ್
ಭಾನುವಾರ, ಮಾರ್ಚ್ 20, 2011

ಪ್ರೀತಿಯ ಲೊರೇನ್ ಅತ್ತೆಗೆ,

ನಿನ್ನ ಮನೆಯಿಂದ ನಾಲ್ಕೇ ಬೀದಿ ಆಚೆ ಕೂತು ಕಾಗದ ಬರೆಯುತ್ತಿದ್ದಾಳಲ್ಲ ಇವಳು ಎಂದು ನಗಬೇಡ. ಪೆನ್ನು ಹಿಡಿದು ಎಷ್ಟು ಕಾಲವಾಯಿತೋ, ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು. ಟೈಪ್ ಮಾಡಿದ್ದರೆ ಬೇಗ ಆಗುತ್ತಿತ್ತು. ಆದರೆ ಟೈಪ್ ಮಾಡಿಯೇ ನಾನು ಇಲ್ಲಿಗೆ ಬಂದು ನಿಂತಿದ್ದೇನೆ.

ಮೊನ್ನೆ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟದ ಸಾಲಿನಲ್ಲಿ ನಿಂತಿದ್ದಾಗ ಹೇಳಿಯೇ ಬಿಡೋಣ ಎಂದುಕೊಂಡಿದ್ದೆ. ನೀನು ನನ್ನ ತಟ್ಟೆಗೆ ಇನ್ನೊಂದು ಪಿರೋಗಿ ಕಡುಬು ಹಾಕಿ, "ತಿನ್ನೇ, ಇನ್ನೂ ಸಣ್ಣಗಾದ್ರೆ ಗಾಳೀಲೇ ಹಾರ್ಕೊಂಡ್ ಹೋಗ್ತೀಯ, ಪಾಸೂ ಬೇಡ ಟಿಕೆಟ್ಟೂ ಬೇಡ" ಅಂದೆ. ಬಾಯಿಗೆ ಬಂದಿದ್ದ ಮಾತು ಪಿರೋಗಿಯ ಜೊತೆ ಒಳಗೆ ಹೋಯಿತು. ಆಮೇಲೆ ಪಕ್ಕದ ಮೇಜಿನವರು ಕೆಲಸ ಹೇಗಿದೆ ಅಂತ ಕೇಳಿದರು. ನೀನು, "ಆ ಡಲ್ಲಾಸಿನ ಚಾಡಿಕೋರಿ ಇನ್ನೂ ಇಲ್ಲೇ ಇದ್ದಾಳೆ, ಮುಖ ನೋಡಿದ್ರೆ ಕಾಫಿ ಇಳಿಯಲ್ಲ" ಅಂದೆ. ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದಮೇಲೆ ಕನ್ನಡಿ ನೋಡಿಕೊಳ್ಳಲು ಆಗಲಿಲ್ಲ.

ಅತ್ತೆ, ಕಂಪನಿಗೆ ನಿನ್ನ ಮೇಲೆ ಚಾಡಿ ಹೇಳಿದವಳು ಶೆಲ್ಬಿ ರಕ್ಕರ್ ಅಲ್ಲ. ಈ ಒಂದು ವಾಕ್ಯ ಓದಿ ಕಾಗದ ಮಡಚಿಡಬೇಡ. ಯಾರು ಅನ್ನುವುದನ್ನೂ ಹೇಳುತ್ತೇನೆ. ನೇರ ಹೇಳುವ ಧೈರ್ಯ ಇದ್ದಿದ್ದರೆ ಐದು ತಿಂಗಳು ಹಿಡಿಯುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳಿಕೋ.

ನನಗೆ ತ್ರೀ ರಿವರ್ಸ್ ಏರ್‌ಲೈನ್ಸಿನ ಹುಚ್ಚು ಹಿಡಿಸಿದ್ದು ನೀನೇ. ಅಮ್ಮ ತೀರಿಕೊಂಡ ವರ್ಷ ನನಗೆ ಆರು. ನೀನು ಡ್ಯೂಟಿ ಮುಗಿಸಿ ಗಗನಸಖಿಯ ನೀಲಿ ಸಮವಸ್ತ್ರದಲ್ಲೇ ನಮ್ಮ ಮನೆಗೆ ಬರುತ್ತಿದ್ದೆ. ಚೀಲದಿಂದ ಒಂದೊಂದೇ ತೆಗೆಯುತ್ತಿದ್ದೆ: ವೇಳಾಪಟ್ಟಿಯ ಪುಸ್ತಕ, ಕಡ್ಡಿಯ ತುದಿಯಲ್ಲಿ ಮೂರು ನದಿಗಳ ಗುರುತಿದ್ದ ಜ್ಯೂಸ್ ಕಲಕುವ ಚಮಚ, ಸುರಕ್ಷತೆಯ ಚಿತ್ರವಿದ್ದ ಕಾರ್ಡು. ಬೇರೆ ಹುಡುಗಿಯರು ಗೋಡೆಗೆ ಹಾಡುಗಾರರನ್ನು ಅಂಟಿಸುತ್ತಿದ್ದರು, ನಾನು ವಿಮಾನದ ಬಾಲ ಅಂಟಿಸುತ್ತಿದ್ದೆ. ಹದಿನಾಲ್ಕಕ್ಕೆ, ವಿಮಾನದ ಹುಚ್ಚಿನವರೆಲ್ಲ ಬರೆದು ಹರಟುವ ಇಂಟರ್ನೆಟ್ಟಿನ ಆ ಕಟ್ಟೆ ಸೇರಿದೆ. ನೀನು "ನಿನ್ನ ಹುಚ್ಚರ ಸಂತೆ" ಅನ್ನುತ್ತಿದ್ದೆಯಲ್ಲ, ಅದೇ. ಅಲ್ಲಿ ನನ್ನ ಹೆಸರು ನದಿಹಕ್ಕಿ. ಅಲ್ಲಿ ನನಗೆ ಬೆಲೆಯಿತ್ತು ಅತ್ತೆ. ಯಾವ ವಿಮಾನ ಯಾವ ವರ್ಷ ಬಂತು, ಯಾವುದರ ಬಣ್ಣ ಯಾವಾಗ ಬದಲಾಯಿತು ಅಂತ ದೊಡ್ಡ ದೊಡ್ಡವರು ನನ್ನನ್ನು ಕೇಳುತ್ತಿದ್ದರು.

ಡಲ್ಲಾಸಿನ ಕ್ರೆಸ್ಟ್‌ಲೈನ್ ಕಂಪನಿ ನಮ್ಮ ತ್ರೀ ರಿವರ್ಸನ್ನು ನುಂಗಿದಾಗ ನಾನು ಅತ್ತದ್ದು ಬಾಲದ ಬಣ್ಣಕ್ಕೆ. ನೀನು ಅತ್ತದ್ದು ಪಟ್ಟಿಗೆ. ನನಗೆ ಅದರ ಅರ್ಥ ಆಗ ಪೂರ್ತಿ ಆಗಿರಲಿಲ್ಲ. ಡಲ್ಲಾಸಿನವರ ಸೀನಿಯಾರಿಟಿ ಪಟ್ಟಿಯ ಕೊನೆಯ ಹಾಳೆಯ ಹಿಂದೆ ನಮ್ಮವರ ಮೊದಲ ಹಾಳೆ ಇಟ್ಟು ಪಿನ್ ಹೊಡೆದರು, ಅಷ್ಟೇ ಕೆಲಸ. ಇನ್ನೂರ ಹನ್ನೆರಡನೆಯವಳಾಗಿದ್ದ ನೀನು ಬೆಳಗಾಗುವುದರಲ್ಲಿ ಒಂಬತ್ತು ಸಾವಿರದ ಚಿಲ್ಲರೆಗೆ ಇಳಿದೆ. ಮೂವತ್ತು ವರ್ಷ ಹಾರಿದ ನಿನಗಿಂತ ಮೇಲೆ, ತರಬೇತಿ ಮುಗಿಸಿ ಬ್ಯಾಡ್ಜಿನ ಹೊಳಪೂ ಮಾಸದ ಹುಡುಗಿಯರು. ಯಾವ ಊರಿಗೆ ಹಾರಬೇಕು, ಯಾವ ಹಬ್ಬಕ್ಕೆ ಮನೆಯಲ್ಲಿರಬೇಕು, ಎಲ್ಲಕ್ಕೂ ಆ ನಂಬರೇ. ಆ ವರ್ಷ ಕ್ರಿಸ್‌ಮಸ್ ಹಿಂದಿನ ಸಂಜೆ ಜೇನು ಸವರಿದ ಒಪ್ಲಾಟ್ಕಿಯ ತೆಳು ಬಿಲ್ಲೆ ಮುರಿದು ಹಂಚಲು ನೀನು ಇರಲಿಲ್ಲ. ಯಾವುದೋ ಊರಿನ ಹೋಟೆಲಿನಲ್ಲಿದ್ದೆ. ಅಪ್ಪ ಮುರಿದರು, ಪುಡಿಪುಡಿ ಮಾಡಿದರು. ಶೆಲ್ಬಿ ರಜೆ ಪಡೆದು ಟೆಕ್ಸಸ್‌ನ ತನ್ನೂರಿಗೆ ಹೋಗಿದ್ದಳು. ನಾಲ್ಕು ವರ್ಷದ ಸರ್ವಿಸ್ ಅವಳದು. ಅವಳ ಹೆಸರು ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದದ್ದು ಅವತ್ತೇ ಮೊದಲು.

ಈಗ ಅಕ್ಟೋಬರ್ ಹದಿನಾಲ್ಕಕ್ಕೆ ಬರುತ್ತೇನೆ. ನೌಕರರ ಮನೆಯವರಿಗೆ ಕಂಪನಿ ಕೊಡುವ ನಿನ್ನ ಪಾಸಿನ ಮೇಲೆ ನಾನು ಒರ್ಲಾಂಡೊಗೆ ಹೊರಟಿದ್ದೆ. ಕೊನೆಯ ಸಾಲು, ಕಿಟಕಿ. ಹೊರಡುವ ಹೊತ್ತಿಗೆ ಸರಿಯಾಗಿ ಹತ್ತೊಂಬತ್ತನೆಯ ಸಾಲಿನ ಮುದುಕರೊಬ್ಬರು ಟೋಪಿ ತೆಗೆಯಲು ಹೋಗಿ ಕಿವಿಯ ಯಂತ್ರ ಬೀಳಿಸಿಕೊಂಡರು. ಅವರ ಹೆಂಡತಿ, "ಅದಿಲ್ದಿದ್ರೆ ಇವರಿಗೆ ನಾನು ಹೇಳೋದು ಏನೂ ಕೇಳಲ್ಲ" ಅಂದರು. ಮುದುಕರು ಮಾತ್ರ ಅಷ್ಟೇನೂ ಚಿಂತೆಯಲ್ಲಿದ್ದ ಹಾಗೆ ಕಾಣಲಿಲ್ಲ. ನೀನು ಟಾರ್ಚು ಹಿಡಿದು ಮಂಡಿಯೂರಿ ಸೀಟಿನ ಕೆಳಗೆಲ್ಲ ತಡಕಿದೆ. ಬಾಗಿಲು ಮುಚ್ಚುವ ಹೊತ್ತಾಗಿತ್ತು. ಮುಂದಿನ ಬಾಗಿಲು ಶೆಲ್ಬಿಯದು. ನೀವಿಬ್ಬರೂ ಮಾತು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಅದಕ್ಕೆ ನೀನು ನೆಲದಿಂದಲೇ ನನಗೆ ಹೇಳಿದೆ: "ಕೆಲ್ಸಿ, ಮುಂದೆ ಹೋಗಿ ಆ ಮಹಾರಾಣಿಗೆ ಹೇಳು, ಇನ್ನೂ ಸಿಕ್ಕಿಲ್ಲ, ಬಾಗಿಲು ಮುಚ್ಬೇಡ ಅಂತ."

ಹೋದೆ. ಹೇಳಿದೆ. ವಾಪಸ್ ಬಂದೆ. ಅಷ್ಟರಲ್ಲಿ ಯಂತ್ರ ಯಾರದೋ ಚಪ್ಪಲಿಯೊಳಗೆ ಸಿಕ್ಕಿತ್ತು. ನೀನು ಎದ್ದು ಸ್ಕರ್ಟು ಕೊಡವಿಕೊಳ್ಳುತ್ತಾ, "ಏನಂದ್ಲು?" ಅಂತ ಕೇಳಿದೆ. ನಾನು ಏನು ಹೇಳಿದೆ ಅನ್ನುವುದು ನಿನಗೆ ನೆನಪಿರಬಹುದು. "ಏನೂ ಅನ್ಲಿಲ್ಲ, ವಾಚ್ ನೋಡ್ಕೊಂಡ್ಲು" ಅಂದೆ. ನೀನು, "ಅವಳಿನ್ನೇನ್ ಮಾಡ್ತಾಳೆ" ಅಂತ ನಕ್ಕೆ.

ಹನ್ನೊಂದು ನಿಮಿಷ ತಡವಾಗಿ ಹೊರಟೆವು. ಮೇಲೆ ಹಾರಿದ ಮೇಲೆ ಹಿಂದಿನ ಅಡುಗೆಕೋಣೆಯಲ್ಲಿ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಶೆಲ್ಬಿ ಐಸ್ ತೆಗೆದುಕೊಳ್ಳಲು ಬಂದಿದ್ದಳು. ನೀನು ಕಾಫಿಯ ಜಗ್ಗಿಗೆ ಹೇಳಿದೆ, "ಡಬ್ಬಿ ಪೂರ್ತಿ ಕೊಡಬಾರ್ದಂತೆ ಕಣಪ್ಪಾ, ಒಂದು ಡಬ್ಬೀಲಿ ಇಬ್ಬರಿಗೆ ಬಗ್ಗಿಸ್ಬೇಕಂತೆ. ಡಲ್ಲಾಸಿನಲ್ಲಿ ಸೋಡಾಕ್ಕೂ ಬರ." ಅವಳು ಐಸಿನ ಬಕೆಟ್ಟಿಗೆ ಹೇಳಿದಳು, "ಐಸಮ್ಮಾ, ಕೆಲವರಿಗೆ ಹೊಸ ನಿಯಮದ ಪುಸ್ತಕ ಕೊಟ್ಟು ವರ್ಷ ಆಯ್ತು, ಕನ್ನಡಕ ಇನ್ನೂ ಸಿಕ್ಕಿಲ್ಲವಂತೆ." ನೀನು ಹೊರಗೆ ಬಂದು ಎಲ್ಲರಿಗೂ ಪೂರ್ತಿ ಡಬ್ಬಿಯನ್ನೇ ಕೊಟ್ಟೆ. ಕತ್ತಿನ ಸ್ಕಾರ್ಫಿನ ಮಡಿಕೆಯಲ್ಲಿ, ಹಾಕಬಾರದೆಂದು ಕಂಪನಿ ಹೇಳಿದ್ದ ಹಳೆಯ ತ್ರೀ ರಿವರ್ಸ್ ರೆಕ್ಕೆಯ ಪಿನ್ ಹಾಕಿಕೊಂಡಿದ್ದೆ. ನಾನು ಫೋಟೋ ತೆಗೆದೆ. ನಿನ್ನ ಮುಖ ಬಾರದ ಹಾಗೆ, ಪಿನ್ನು, ಡಬ್ಬಿ, ಕೈ ಮಾತ್ರ.

ಆ ಸಂಜೆಯೇ ಬರೆದೆ. "ತ್ರೀ ರಿವರ್ಸ್ ಇನ್ನೂ ಬದುಕಿದೆ" ಅಂತ ತಲೆಬರಹ. ನಿನ್ನ ಹೆಸರು ಹಾಕಲಿಲ್ಲ. ಆದರೆ ನಮ್ಮ ಕಟ್ಟೆಯಲ್ಲಿ ಒಂದು ಪದ್ಧತಿ ಇದೆ ಅತ್ತೆ. ಪ್ರಯಾಣದ ವರದಿ ಬರೆದರೆ ಮೊದಲ ಸಾಲಿನಲ್ಲೇ ತಾರೀಕು, ಫ್ಲೈಟ್ ನಂಬರ್, ವಿಮಾನದ ನೋಂದಣಿ ನಂಬರ್, ಎಷ್ಟು ನಿಮಿಷ ತಡ, ಯಾವ ಸೀಟು, ಎಲ್ಲ ಹಾಕಬೇಕು. ಹಾಕದಿದ್ದರೆ "ನಂಬರ್ ಎಲ್ಲಿ, ಕಥೆ ಕಟ್ಬೇಡ" ಅಂತ ಮೊದಲ ಉತ್ತರವೇ ಬರುತ್ತದೆ. ಹಾಕಿದೆ. ಸೀಟು ಮಾತ್ರ ಸುಳ್ಳು ಹಾಕಿದೆ, ಹದಿನಾಲ್ಕು ಸಿ ಅಂತ. ಪಾಸಿನಲ್ಲಿ ಹೋಗುವವರು ಪ್ರಯಾಣದ ಬಗ್ಗೆ ಎಲ್ಲೂ ಒಂದಕ್ಷರ ಬರೆಯಬಾರದು, ಬರೆದರೆ ಪಾಸು ಕೊಟ್ಟವರ ಕೆಲಸಕ್ಕೇ ಸಂಚಕಾರ ಅಂತ ನೀನು ಹೇಳಿ ಹೇಳಿ ಸಹಿ ಹಾಕಿಸಿದ್ದೆ. ಅಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಅನ್ನುವ ಮಾತಿಗೂ ನನಗೆ ದಾರಿಯಿಲ್ಲ.

ಹೊಗಳಿ ಬರೆದಿದ್ದೆ ಅತ್ತೆ. ಮಂಡಿಯೂರಿ ಹುಡುಕಿದ್ದು, ವಿಮಾನವನ್ನೇ ಹನ್ನೊಂದು ನಿಮಿಷ ಕಾಯಿಸಿದ್ದು, ನಿಯಮ ಬದಿಗಿಟ್ಟು ಪೂರ್ತಿ ಡಬ್ಬಿ ಕೊಟ್ಟದ್ದು, ಆ ಪಿನ್ನು. ಮುನ್ನೂರು ಉತ್ತರ ಬಂತು. ಜನ ಅತ್ತರು. ಹಳೆಯ ಟಿಕೆಟ್ಟು, ಹಳೆಯ ಫೋಟೋ ತಂದು ಹಾಕಿದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ನಮ್ಮಂಥ ಹುಚ್ಚರಲ್ಲದೆ ಬೇರೆ ಯಾರೂ ಅದನ್ನು ಓದುವುದಿಲ್ಲ ಅಂದುಕೊಂಡಿದ್ದೆ. ಡಲ್ಲಾಸಿನ ಕಚೇರಿಯಲ್ಲಿ ಒಬ್ಬನಿಗೆ ಅದನ್ನು ದಿನಾ ಓದುವುದೇ ಕೆಲಸವಂತೆ.

ವಿಚಾರಣೆಯಲ್ಲಿ ನಿನ್ನ ಮುಂದೆ ಇಟ್ಟ ಆ ಹಾಳೆ, "ಪ್ರತ್ಯಕ್ಷ ಕಂಡವರ ಹೇಳಿಕೆ" ಅಂತ ಇತ್ತಲ್ಲ, ಅದು ನನ್ನ ಬರಹದ ಮೂರು ಪ್ಯಾರಾ. ಹೊಗಳಿಕೆ ತೆಗೆದು ಸಂಗತಿ ಮಾತ್ರ ಉಳಿಸಿದ್ದರು. ಹೊಗಳಿಕೆ ತೆಗೆದರೆ ಅದು ಎಷ್ಟು ಚೆನ್ನಾಗಿ ಆರೋಪಪಟ್ಟಿಯಾಗುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ನೀನು ಮನೆಗೆ ಬಂದು ಅಪ್ಪನಿಗೆ, "ಅಡುಗೆಕೋಣೆ ಒಳಗಿದ್ದವರಿಗೆ ಬಿಟ್ಟು ಇದು ಇನ್ಯಾರಿಗೂ ಗೊತ್ತಿರಕ್ಕಾಗಲ್ಲ ಕಣೋ, ಅವಳೇ" ಅಂದೆ. ನಾನು ಪಕ್ಕದ ಕೋಣೆಯಲ್ಲಿ ಕಟ್ಟೆಯಿಂದ ಆ ಬರಹವನ್ನು ಅಳಿಸುತ್ತಾ ಇದ್ದೆ.

ಆರು ವಾರ ನಿನ್ನನ್ನು ಕೆಲಸದಿಂದ ದೂರ ಇಟ್ಟರು, ಪಿನ್ನು ಕಿತ್ತುಕೊಂಡರು. ಪೂರ್ತಿ ಕೆಲಸವೇ ಹೋಗಬೇಕಿತ್ತು. ಬೇಕೆಂದೇ ವಿಮಾನ ತಡೆದು ಮುಷ್ಕರ ಮಾಡಿದಳು ಅಂತ ಸಾಧಿಸಲು ಹೊರಟಿದ್ದರು. ಯಾಕೆ ಸಾಧಿಸಲಾಗಲಿಲ್ಲ ಅಂತ ನೀನು ಯಾವತ್ತೂ ಕೇಳಲಿಲ್ಲ, ಸಂಘದ ವಕೀಲ ಚುರುಕು ಅಂದುಕೊಂಡೆ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಶೆಲ್ಬಿ ವಿಮಾನ ನಿಲ್ದಾಣದಲ್ಲಿ ನಾನು ಕೆಲಸ ಮಾಡುವ ಪ್ರೆಟ್ಜೆಲ್ ತಿಂಡಿಯ ಅಂಗಡಿಗೆ ಬಂದಳು. ಸಾಲಿನಲ್ಲಿ ಯಾರೂ ಇರಲಿಲ್ಲ. ಒಂದು ಕಾಫಿ ತಗೊಂಡು, "ಹದಿನಾಲ್ಕು ಸಿ, ಅಲ್ವಾ?" ಅಂದಳು. ನಾನು ಲೋಟಕ್ಕೆ ಮುಚ್ಚಳ ಒತ್ತಿದೆ. "ವಿಚಾರಣೇಲಿ ಆ ಬರಹದ ಪೂರ್ತಿ ಪ್ರಿಂಟು ನನಗೆ ತೋರಿಸಿದ್ರು. ಹದಿನಾಲ್ಕನೇ ಸಾಲಿಂದ ಆ ಫೋಟೋ ತೆಗೀಬೇಕಾದ್ರೆ ಕತ್ತು ಜಿರಾಫೆದಾಗಿರ್ಬೇಕು. ಚೆನ್ನಾಗಿ ಬರೀತೀಯ ಕಣೆ. ನಾನು ವಾಚ್ ನೋಡಿದ್ದೂ ನಿಜ. ಆ ಗೇಟಿನವನನ್ನ ಬೈಕೊಂಡು ಇನ್ನೆಷ್ಟು ಹೊತ್ತು ನಿಲ್ಲಿಸ್ಬೋದು ಅಂತ ನೋಡ್ತಿದ್ದೆ."

ಇದನ್ನು ಹೇಳುವುದಕ್ಕೇ ಇಷ್ಟು ಸುತ್ತಿದೆ ಅತ್ತೆ. ನಾನು ಮುಂದೆ ಹೋಗಿ ನಿನ್ನ ಮಾತು ಹೇಳಿದಾಗ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಗೇಟಿನವನು ಮುಚ್ಚು ಮುಚ್ಚು ಅಂತ ಕಿರುಚುತ್ತಿದ್ದ. ಅವಳು, "ಮುಚ್ಚಲ್ಲ. ಹಿಂದೆ ನಮ್ಮೋರು ಮಂಡಿ ಮೇಲಿದ್ದಾರೆ. ಅವರು ಎದ್ದಮೇಲೆ ಮುಚ್ತೀನಿ. ಬೇಕಾದ್ರೆ ಬರ್ಕೋ ಹೋಗು" ಅಂದಳು. "ನಮ್ಮೋರು" ಅಂದಳು ಅತ್ತೆ. ನನ್ನ ಕಡೆ ತಿರುಗಿ, "ಹೇಳು, ನಿಧಾನಕ್ಕೆ ಹುಡುಕ್ಲಿ" ಅಂದಳು. ನಾನು ನಾಲ್ಕು ಹೆಜ್ಜೆ ಹಿಂದೆ ಬರುವಷ್ಟರಲ್ಲಿ ಅದನ್ನು ನುಂಗಿದೆ. ಯಾಕೆ ಅಂತ ತುಂಬ ಸಲ ಕೇಳಿಕೊಂಡಿದ್ದೇನೆ. ನಿನಗೆ ವಾಚಿನ ಮಾತು ಇಷ್ಟವಾಗುತ್ತದೆ ಅಂತ ಗೊತ್ತಿತ್ತು, ಅದಕ್ಕೆ. ಆಮೇಲೆ ಕಟ್ಟೆಯಲ್ಲೂ ಅದನ್ನೇ ಬರೆದೆ, "ಡಲ್ಲಾಸಿನ ಹುಡುಗಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಳು" ಅಂತ. ಕಥೆಗೆ ಒಬ್ಬ ಕೆಟ್ಟವಳು ಇದ್ದರೆ ಉತ್ತರ ಜಾಸ್ತಿ ಬರುತ್ತದೆ. ನೂರು ಜನ ಅವಳನ್ನು ಆಡಿಕೊಂಡರು. ಅದನ್ನೆಲ್ಲ ಅವಳು ಆ ಪ್ರಿಂಟಿನಲ್ಲಿ ಕೂತು ಓದಿದ್ದಾಳೆ.

ಓದಿದ ಮೇಲೂ ವಿಚಾರಣೆಯಲ್ಲಿ ಹೇಳಿದ್ದೇನು ಗೊತ್ತಾ? ಒಂದೊಂದು ನಿಮಿಷದ ತಡವೂ ಯಾರದಾದರೂ ಹೆಸರಿಗೆ ಬೀಳಲೇಬೇಕಲ್ಲ ನಿಮ್ಮಲ್ಲಿ. ಆ ಹನ್ನೊಂದು ನಿಮಿಷವನ್ನು ತನ್ನ ಹೆಸರಿಗೆ ಬರೆಸಿಕೊಂಡಳು. ಅಲ್ಲಿಗೆ ನಿನ್ನ ಮೇಲೆ ಉಳಿದದ್ದು ಪಿನ್ನು ಮತ್ತು ಡಬ್ಬಿ ಮಾತ್ರ. ಅವಳಿಗೆ ಸಿಕ್ಕಿದ್ದು ಕೊನೆಯ ಎಚ್ಚರಿಕೆ ಪತ್ರ, ಇನ್ನೊಂದು ತಡವಾದರೆ ಮನೆಗೆ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದೆ. "ಬಾಗಿಲು ನಂದು. ಮುಚ್ದೇ ಇದ್ದವಳು ನಾನು. ಇನ್ಯಾರ ಹೆಸರಿಗೆ ಬರೀತಾರೆ? ನಿಮ್ಮತ್ತೆ ಕಂಡ್ರೆ ನನಗೇನೂ ಪ್ರೀತಿ ಉಕ್ಕಲ್ಲ, ನನ್ನ ನಂಬರೂ ನಾನು ಬಿಟ್ಕೊಡಲ್ಲ. ಅದು ಬೇರೆ, ಇದು ಬೇರೆ" ಅಂದಳು. ನನ್ನ ವಿಷಯ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ ಅಂದಳು. "ಹೇಳ್ಬೇಕಾದವಳು ನೀನು. ಬೇಗ ಹೇಳು." ಕಾಫಿ ತಗೊಂಡು ಹೋದಳು.

ಬೇಗ ಹೇಳಲಿಲ್ಲ. ಪಾಸಿನ ವಿಷಯ ಹೊರಬಿದ್ದರೆ ನಿನ್ನ ಕೆಲಸ ಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೇ. ಆದರೆ ನಿನ್ನೊಬ್ಬಳ ಕಿವಿಯಲ್ಲಿ ಹೇಳಬಹುದಿತ್ತು, ನಾಲ್ಕು ಬೀದಿ ನಡೆದರೆ ಸಾಕಿತ್ತು. ಕ್ರಿಸ್‌ಮಸ್ ಆಗಲಿ ಅಂದುಕೊಂಡೆ. ನೀನು ಕೆಲಸಕ್ಕೆ ವಾಪಸಾಗಲಿ ಅಂದುಕೊಂಡೆ. ಫೆಬ್ರವರಿಯಲ್ಲಿ ನೀನು ಸಂಘದ ಸಭೆಯಲ್ಲಿ ಎದ್ದು ನಿಂತೆ. ಭಾನುವಾರದ ಊಟಕ್ಕೆ ಬಂದು ಎಲೆಕೋಸಿನ ಹಲುಶ್ಕಿ ಬಡಿಸುತ್ತಾ, "ಹೆಸರು ಹಿಡಿದೇ ಹೇಳ್ದೆ. ನಮ್ಮಲ್ಲೊಬ್ಬಳು ಕಂಪನಿಯ ಕಿವಿ ಇದ್ದಾಳೆ, ಶೆಲ್ಬಿ ರಕ್ಕರ್, ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳೆ ಅಂತ" ಅಂದೆ. ಅಪ್ಪ ಮೇಜು ಕುಟ್ಟಿದರು. "ಏನಂದ್ಲು ಅವಳು?" ಅಂತ ಕೇಳಿದರು. "ಏನೂ ಅನ್ಲಿಲ್ಲ, ಎದ್ದು ಹೋದ್ಲು. ಇದ್ರೆ ತಾನೇ ಅನ್ನೋಕೆ" ಅಂದೆ ನೀನು. ಅವಳು ಒಂದು ಹೆಸರು ಹೇಳಬಹುದಿತ್ತು ಅತ್ತೆ, ಅಲ್ಲೇ, ಎಲ್ಲರ ಮುಂದೆ. ಆ ಹೆಸರು ನಿನ್ನ ಪಕ್ಕದಲ್ಲಿ ಹಲುಶ್ಕಿ ತಿನ್ನುತ್ತಾ ಕೂತಿತ್ತು.

ಅದಾದಮೇಲೆ ನಿಮ್ಮವರು ಅವಳಿಗೆ ಮಾಡಿದ್ದು ನಿನಗೆ ಗೊತ್ತು. ಹೊರ ಊರಿನಲ್ಲಿ ಉಳಿದಾಗ ಬೆಳಿಗ್ಗೆ ಹೋಟೆಲಿನ ವ್ಯಾನು ಎಷ್ಟಕ್ಕೆ ಹೊರಡುತ್ತದೆ ಅಂತ ಯಾರೂ ಹೇಳುತ್ತಿರಲಿಲ್ಲ. ಅವಳು ಟ್ಯಾಕ್ಸಿ ಹಿಡಿದು ಬರುತ್ತಿದ್ದಳು. ನಿಲ್ದಾಣದ ಸಿಬ್ಬಂದಿ ಕೊಠಡಿಗೆ ಬಂದರೆ ಎಲ್ಲರೂ ಕುರ್ಚಿ ತಿರುಗಿಸಿ ಕೂರುತ್ತಿದ್ದರು. ವಿಮಾನದಲ್ಲಿ ಅವಳ ಪಾಲಿನ ಬಂಡಿಗೆ ಐಸ್ ತುಂಬಿರುತ್ತಿರಲಿಲ್ಲ, ಪ್ರಯಾಣಿಕರು ಅವಳನ್ನೇ ಬೈಯುತ್ತಿದ್ದರು. ಆ ಬೈಗುಳ ನಮ್ಮ ಕಟ್ಟೆಯಲ್ಲಿ ಬರುತ್ತಿತ್ತು: ವಿಲೀನವಾದಮೇಲೆ ಸೇವೆ ಕೆಟ್ಟಿತು, ಡಲ್ಲಾಸಿನವರಿಗೆ ಪ್ರಯಾಣಿಕರು ಬೇಡ. ನಾನು ಓದುತ್ತಿದ್ದೆ. ಯಾಕೆ ಐಸಿರಲಿಲ್ಲ ಅಂತ ಗೊತ್ತಿದ್ದ ಒಬ್ಬಳೇ ಒಬ್ಬಳು ಅಲ್ಲಿ ನಾನು. ಒಂದಕ್ಷರ ಬರೆಯಲಿಲ್ಲ. ಅಷ್ಟು ಬರೆಯುತ್ತಿದ್ದವಳು.

ಸಂಘದ ಕಚೇರಿಗೆ ಹೆಸರು ಹೇಳದೆ ಫೋನ್ ಮಾಡಿ ಕೇಳಿದೆ. ಮುಗಿದ ವಿಚಾರಣೆಯನ್ನು ಕಂಪನಿ ಮತ್ತೆ ತೆರೆಯುವಂತಿಲ್ಲವಂತೆ. ಆದರೂ ಈ ಕಾಗದವನ್ನು ಏನು ಮಾಡಬೇಕು ಅನ್ನುವುದು ನಿನಗೆ ಬಿಟ್ಟದ್ದು. ಒಲೆಗೆ ಹಾಕಿದರೂ ಸರಿ, ಸಭೆಯಲ್ಲಿ ಓದಿದರೂ ಸರಿ. ಓದಿದರೆ ನನ್ನ ಹೆಸರು ಬಿಡಬೇಡ.

ಕ್ಷಮಿಸು ಅಂತ ಕೇಳಲು ಬಾಯಿ ಬರುತ್ತಿಲ್ಲ. ನಿನಗೆ ಆದದ್ದಕ್ಕೆ ಕೇಳಬಹುದು, ನೀನು ಬೈದು, ಅತ್ತು, ಒಂದು ದಿನ ಮತ್ತೆ ತಟ್ಟೆಗೆ ಬಡಿಸುತ್ತೀಯ ಅನ್ನುವ ಆಸೆ ನನಗಿದೆ. ಆದರೆ ನಾನು ನಿನ್ನನ್ನು ಕೂಡ ಒಂದು ತಪ್ಪಿನೊಳಗೆ ಎಳೆದಿದ್ದೇನೆ. ಮೂವತ್ತೊಂದು ವರ್ಷ ಯಾರದೋ ಮಗು, ಯಾರದೋ ಕಿವಿಯ ಯಂತ್ರ, ಯಾರದೋ ಹೆದರಿಕೆ ನೋಡಿಕೊಂಡವಳು ನೀನು. ನಿನ್ನ ಬಾಯಿಂದ ಆ ಹುಡುಗಿಯ ಹೆಸರು ಹಾಗೆ ಹೊರಬಂದದ್ದು ನನ್ನಿಂದ. ಅದನ್ನು ಹೇಗೆ ಕ್ಷಮಿಸು ಅಂತ ಕೇಳುವುದೋ ನನಗೆ ತಿಳಿಯದು.

ಈ ಶುಕ್ರವಾರ ಮೀನೂಟಕ್ಕೆ ನಾನು ಬರುವುದಿಲ್ಲ. ನೀನು ಕರೆದರೆ ಬರುತ್ತೇನೆ.

ನಿನ್ನ,
ಕೆಲ್ಸಿ

ಮರೆತಿದ್ದೆ ಅಂತ ಬರೆಯಲು ಹೊರಟೆ, ಸುಳ್ಳು. ಹೇಳುವುದೋ ಬೇಡವೋ ಅಂತ ಕೊನೆಗೆ ಉಳಿಸಿಕೊಂಡಿದ್ದೆ. ಶೆಲ್ಬಿ ರಾಜೀನಾಮೆ ಕೊಟ್ಟಿದ್ದಾಳೆ. ನಿಮ್ಮಲ್ಲಿ ಯಾರಿಗೂ ಹೇಳಿಲ್ಲ, ನನಗೆ ಅಂಗಡಿಯಲ್ಲಿ ಚಿಲ್ಲರೆ ತಗೊಳ್ಳುವಾಗ ಹೇಳಿದಳು. ಈ ಗುರುವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಅವಳ ಕೊನೆಯ ವಿಮಾನ ಇಲ್ಲಿ ಇಳಿಯುತ್ತದೆ, ಬಿ ಸಾಲಿನ ಮೂವತ್ತೇಳನೆಯ ಗೇಟು. ಕೊನೆಯ ಸಲ ಹಾರಿ ಬಂದವರಿಗೆ ನಿಮ್ಮವರೆಲ್ಲ ಗೇಟಿನಲ್ಲಿ ಎರಡು ಸಾಲು ನಿಂತು ಚಪ್ಪಾಳೆ ತಟ್ಟಿ ಕಳಿಸುತ್ತೀರಲ್ಲ, ನಾನು ಅಂಗಡಿಯಿಂದ ಒಂದು ಗಂಟೆ ಬಿಡುವು ಕೇಳಿದ್ದೇನೆ. ಆದರೆ ಒಬ್ಬಳೇ ನಿಂತರೆ ಅದನ್ನು ಸಾಲು ಅನ್ನುವುದಿಲ್ಲ ಅತ್ತೆ.